ಕಂಬಳಿ ಹೊದ್ದವಳು

ಚಿತ್ರ ಗೋಡೆಯಿಂದ ಅರ್ಧ ಇಳಿದಿತ್ತು. ಅಷ್ಟರಲ್ಲಿ ಹಿಂದಿನಿಂದ ಕೂಗು ಬಂತು.

“ಅಜ್ಜಾ! ಎಂತ ಮಾಡ್ತಾ ಇದ್ದೀರಿ? ಬಿಡಿ ಅದನ್ನು!”

ನೋಣಯ್ಯನವರ ಕೈ ಅಲ್ಲೇ ನಿಂತಿತು. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಹೋದ ವರ್ಷ ಮುರಿದವು. ಮೆಟ್ಟಿಲಿನಿಂದ ಬಿದ್ದೆ ಎಂದು ಎಲ್ಲರಿಗೂ ಹೇಳಿದ್ದರು. ಆ ಬೆರಳುಗಳಿಂದಾಗಿಯೇ ದಾರ ಮೊಳೆಯಿಂದ ಬೇಗ ಬಿಡಲಿಲ್ಲ.

ಓಡಿ ಬಂದವಳು ಪ್ರಾಪ್ತಿ, ಪ್ರದರ್ಶನ ನೋಡಿಕೊಳ್ಳುವ ಕಾಲೇಜು ಹುಡುಗಿ. ಚಿತ್ರವನ್ನು ಕಿತ್ತುಕೊಂಡು ಮತ್ತೆ ಮೊಳೆಗೆ ಹಾಕಿದಳು.

“ನೆರೆಯಲ್ಲಿ ನೊಂದವರಿಗೆ ಹಣ ಒಟ್ಟು ಮಾಡಲಿಕ್ಕೆ ಇಟ್ಟದ್ದನ್ನು ಕದಿಯುವುದಾ? ರೂಬನ್ ಸರ್ ಚಿತ್ರ ಇದು. ಫೋಟೋ ನೋಡಿ ಬಿಡಿಸುವವರಲ್ಲ ಅವರು, ಎದುರು ಕೂರಿಸಿಯೇ ಬಿಡಿಸುವುದು. ಇದರ ಬೆಲೆ ಎಷ್ಟು ಗೊತ್ತುಂಟಾ? ಪೊಲೀಸರನ್ನು ಕರೆಯಬೇಕಾ?”

“ಕರಿ. ಆದರೆ ಮೊದಲು ಇದನ್ನು ಒಳಗಿಡು ಮಗಾ. ಐದು ಗಂಟೆಗೆ ನನ್ನ ಮಗ ಬರ್ತಾನೆ. ಅವನು ಇದನ್ನು ನೋಡಬಾರದು.”

ಪ್ರಾಪ್ತಿ ಚಿತ್ರದ ಕಡೆ ತಿರುಗಿದಳು. ಬಿಳಿ ಅಂಚಿನ ಕಂದು ಕಂಬಳಿ ಹೊದ್ದು ಕುಳಿತ ಹೆಂಗಸು. ಎಡಗಣ್ಣಿನ ಕೆಳಗೆ ನೀಲಿಗಟ್ಟಿದ ಪೆಟ್ಟು. ಕೆಳಗೆ ಚೀಟಿ: ‘ನೆರೆಯ ಗಾಯ’.

“ಇವರು ನಿಮಗೆ ಗೊತ್ತಾ?”

“ನನ್ನ ಸೊಸೆ. ತೃಷಾ. ನೆರೆಯಲ್ಲಿ ತೀರಿಕೊಂಡಳೆಂದು ಬೊಜ್ಜದ ಊಟ ಹಾಕಿ ತಿಂಗಳಾಯಿತು.”

ಹುಡುಗಿಯ ಸಿಟ್ಟು ಸರ್ರನೆ ಇಳಿಯಿತು. “ಅಯ್ಯೋ” ಎಂದಳು.

ನೇತ್ರಾವತಿ ಉಕ್ಕಿದ ದಿನ ನೋಣಯ್ಯನವರ ಅಂಗಳಕ್ಕೆ ನೀರು ಬಂದಿತ್ತು. ಮಗ ದೀಪೇಶ್ ಪೇಟೆಯಲ್ಲಿದ್ದ. ಅವನು ಬರುವಾಗ ಹೆಂಡತಿ ಮನೆಯಲ್ಲಿರಲಿಲ್ಲ. ಕೆಸರು ಮೆತ್ತಿದ ಒಂದು ಚಪ್ಪಲಿಯನ್ನು ತಂದು ತೋರಿಸಿದವರು ನೋಣಯ್ಯನವರೇ. ದೋಣಿಯವರು ಹುಡುಕಿ ಸೋತರು. ಕೊನೆಗೆ ಹೆಣದ ಬದಲು ದರ್ಭೆಯ ಗೊಂಬೆ ಮಾಡಿ ಸುಟ್ಟರು. ಚಿತೆಯ ಮುಂದೆ ಮಗ ನೆಲಕ್ಕೆ ಬಿದ್ದು ಹೊರಳಿದ್ದ. ಅಪ್ಪ ಮಾತ್ರ ಕಲ್ಲಿನ ಹಾಗೆ ನಿಂತಿದ್ದರು.

ಇವತ್ತು ಪ್ರದರ್ಶನದ ಕೊನೆಯ ದಿನ. ನೆರೆಯಲ್ಲಿ ಮನೆಯವರನ್ನು ಕಳೆದುಕೊಂಡವರನ್ನು ವೇದಿಕೆಗೆ ಕರೆದು ಚೆಕ್ ಕೊಡುವುದು. ಅವರಲ್ಲಿ ದೀಪೇಶನೂ ಒಬ್ಬ. ಬೆಳಿಗ್ಗೆ ಪೇಪರಿನಲ್ಲಿ ಪ್ರದರ್ಶನದ ಸುದ್ದಿ ಬಂದಿತ್ತು, ಮೂಲೆಯಲ್ಲಿ ಹೆಬ್ಬೆರಳಿನಷ್ಟು ಚಿಕ್ಕದಾಗಿ ಈ ಚಿತ್ರ. ನೋಣಯ್ಯನವರು ಆ ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಚಹಾ ಕೂಡ ಕುಡಿಯದೆ ಬಸ್ಸು ಹತ್ತಿದ್ದರು. ಸಂಜೆ ಪ್ರದರ್ಶನದ ಬಾಗಿಲು ತೆರೆಯುವ ತನಕ ಹೊರಗೇ ಕಾದಿದ್ದರು.

“ಮಾರಾಟ ಆಗಿದೆ ಅಜ್ಜ,” ಪ್ರಾಪ್ತಿ ಮೆಲ್ಲಗೆ ಚೌಕಟ್ಟಿನ ಕೆಂಪು ಚುಕ್ಕೆ ತೋರಿಸಿದಳು. “ಉಳ್ಳಾಲದ ಖತೀಜಮ್ಮ ತಗೊಂಡದ್ದು. ಅವರಿಗೆ ವೇದಿಕೆಯ ಮೇಲೆ ಕೊಡುವುದು. ಅಲ್ಲಿವರೆಗೆ ಗೋಡೆಯಲ್ಲೇ ಇರಬೇಕಂತೆ. ನಾನೆಂತ ಮಾಡಲಿ?”

ವೇದಿಕೆಯ ಮೇಲೆ! ದೀಪೇಶನ ಮೂಗಿನ ಮುಂದೆ!

ಚಿತ್ರಕ್ಕೆ ಬದಲಾಗಿ ಕೊಡಲೆಂದು ನೋಣಯ್ಯನವರು ಬೆರಳಿನ ಉಂಗುರ ಎಳೆದರು. ಬರಲಿಲ್ಲ. ಮುರಿದ ಬೆರಳು ಗಂಟುಗಟ್ಟಿತ್ತು. ಮತ್ತೆ ಎಳೆದರು. ಚರ್ಮ ಸುಲಿದು ರಕ್ತ ಜಿನುಗಿತು.

“ಬೇಡ ಅಜ್ಜ, ಬೇಡ!”

“ಎಂತ ಗಲಾಟೆ ಇದು?”

ಬಾಗಿಲಲ್ಲಿ ಖತೀಜಮ್ಮ. ಏದುಸಿರು ಬಿಡುತ್ತ ಒಳಗೆ ಬಂದು ಕುರ್ಚಿ ಎಳೆದು ಕುಳಿತರು. ಪ್ರಾಪ್ತಿ ಒಂದೇ ಉಸಿರಿಗೆ ಎಲ್ಲ ಹೇಳಿದಳು.

“ನನ್ನ ಮಗನೂ ಇದು ಬೇಡ ಅಂದಿದ್ದ,” ಖತೀಜಮ್ಮ ಅಂದರು. “‘ಉಮ್ಮಾ, ಹೂವಿನದ್ದು ತಗೊಳ್ಳಿ, ಇದನ್ನು ನೋಡಿದರೆ ಗಂಟಲಲ್ಲಿ ಅನ್ನ ಇಳಿಯಲಿಕ್ಕಿಲ್ಲ’ ಅಂತ. ನಾನು ಕೇಳಲಿಲ್ಲ. ಇವಳ ಕಣ್ಣು ನನ್ನನ್ನು ಬಿಡಲಿಲ್ಲ ಮಾರಾಯ್ರೆ.”

ಹೊರಗೆ ಸ್ಕೂಟರ್ ನಿಂತಿತು. ನೋಣಯ್ಯನವರು ಕಿಟಕಿಯಿಂದ ಇಣುಕಿದರು. ಹರಿದ ಸೀಟಿಗೆ ಬಿಳಿ ಅಂಚಿನ ಕಂದು ಕಂಬಳಿ ಮಡಚಿ ಹಾಕಿತ್ತು. ನೀರು ಇಳಿದ ಮೇಲೆ ಪರಿಹಾರ ಕ್ಯಾಂಪಿನಲ್ಲಿ ತಲೆಗೊಂದರಂತೆ ಹಂಚಿದ್ದು. ದೀಪೇಶ್ ಹೆಲ್ಮೆಟ್ ತೆಗೆಯುತ್ತಿದ್ದ.

“ಬಂದ.” ನೋಣಯ್ಯನವರು ಖತೀಜಮ್ಮನ ಕಡೆ ತಿರುಗಿದರು. “ಅಮ್ಮಾ, ನಿಮ್ಮ ಕಾಲು ಹಿಡೀತೇನೆ.”

ಖತೀಜಮ್ಮ ಚಿತ್ರದ ಪೆಟ್ಟನ್ನು ನೋಡಿದರು. ಆಮೇಲೆ ನೋಣಯ್ಯನವರ ಮಡಚದ ಬೆರಳುಗಳನ್ನು ನೋಡಿದರು.

“ನೀರಿನಲ್ಲಿ ಬಂದ ಮರ ಹೀಗೆ ಹೊಡೀತದಾ ಅಣ್ಣ?”

ನೋಣಯ್ಯನವರು ಬೆರಳುಗಳನ್ನು ಬೆನ್ನ ಹಿಂದೆ ಸರಿಸಿದರು.

ಖತೀಜಮ್ಮ ಹೆಗಲ ಶಾಲು ತೆಗೆದು ಪ್ರಾಪ್ತಿಯ ಕೈಗಿತ್ತರು. “ಇದರಲ್ಲಿ ಸುತ್ತು. ಹಿಂದಿನ ಬಾಗಿಲಿನಿಂದ ನನ್ನ ಕಾರಿಗೆ ಹಾಕು. ವೇದಿಕೆ, ಫೋಟೋ ಒಂದೂ ನನಗೆ ಬೇಡ. ನೋಡ್ತಾ ಎಂತ ನಿಂತೆ? ಓಡು!”

ಹಿಂದಿನ ಬಾಗಿಲು ಮುಚ್ಚಿತು. ಮುಂದಿನ ಬಾಗಿಲಿನಿಂದ ದೀಪೇಶ್ ಬಂದ. ಬಿಳಿ ಅಂಗಿ, ಕೈಯಲ್ಲಿ ಮಡಚಿದ ಕರ್ಚೀಫು.

“ಬೆಳಿಗ್ಗೆಯಿಂದ ಎಲ್ಲಿ ಸಾಯಲಿಕ್ಕೆ ಹೋದದ್ದು?” ನಗುತ್ತಲೇ ಕೇಳಿದ. ಅಪ್ಪನ ಮಣಿಕಟ್ಟು ಹಿಡಿದ. ಜನ ಇದ್ದುದರಿಂದ ಮೆಲ್ಲಗೆ ಹಿಡಿದ. ಆಮೇಲೆ ಗೋಡೆ ನೋಡಿದ. “ಆ ಖಾಲಿ ಮೊಳೆಯಲ್ಲಿ ಎಂತ ಇತ್ತು?”

“ಹೊಳೆಯ ಚಿತ್ರ,” ನೋಣಯ್ಯನವರು ಅಂದರು. “ ಯಾರೋ ತಗೊಂಡು ಹೋದರು.”

ದೀಪೇಶ್ ಮೊಳೆಯನ್ನೇ ಸ್ವಲ್ಪ ಹೊತ್ತು ನೋಡಿದ. ಅಷ್ಟರಲ್ಲಿ ಮೈಕಿನಲ್ಲಿ ಅವನ ಹೆಸರು ಕರೆದರು. “ಬಾಳಸಂಗಾತಿಯನ್ನು ನೀರಿಗೆ ಕೊಟ್ಟ ನತದೃಷ್ಟ ಯುವಕ.” ಅವನು ವೇದಿಕೆ ಹತ್ತಿ ಚೆಕ್ ತೆಗೆದುಕೊಂಡು ಕಣ್ಣಿಗೆ ಕರ್ಚೀಫು ಒತ್ತಿದ. ಮುಂದಿನ ಸಾಲಿನ ಹೆಂಗಸರು ಮೂಗು ಒರೆಸಿಕೊಂಡರು.

ಚಪ್ಪಾಳೆಯ ನಡುವೆ ನೋಣಯ್ಯನವರು ಎದ್ದು ಹಿತ್ತಲಿಗೆ ನಡೆದರು. ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು, ಸೊಂಟದಿಂದ ಫೋನ್ ತೆಗೆದು ಹೆಬ್ಬೆರಳಿನಿಂದ ಒತ್ತಿದರು. ಆ ಕಡೆ ಎತ್ತಿದವರು ಏನೂ ಮಾತಾಡಲಿಲ್ಲ, ಉಸಿರು ಮಾತ್ರ ಕೇಳಿಸಿತು.

“ತೃಷಾ, ಚಿತ್ರ ಹೋಯಿತು ಮಗಳೇ, ಅವನು ನೋಡಲಿಲ್ಲ,” ಎಂದರು ನೋಣಯ್ಯ. “ಇನ್ನು ಕಿಟಕಿ ತೆಗೆ.”