ಹೆಚ್ಚಿನ ಬೆಳಕು

ತಮ್ಮನು ಕಾರನ್ನು ತಂದು ಅಕ್ಕನ ವೈರಿಂಗ್ ರಿಪೇರಿ ಶೆಡ್ಡಿನೊಳಗೆ ನಿಲ್ಲಿಸುತ್ತಲೇ ಅವಳ ಮೂಗಿಗೆ ಆಸಿಡ್ ವಾಸನೆ ಬಡಿಯಿತು. ಬಾನೆಟ್ ಎತ್ತಿದಳು. ಬ್ಯಾಟರಿ ಎಸರಿಟ್ಟ ಪಾತ್ರೆಯಂತೆ ಕೊತಕೊತ ಕುದಿಯುತ್ತಿತ್ತು. ರೆಗ್ಯುಲೇಟರ್ ಕೆಟ್ಟಿದೆ ಎಂದು ಹೇಳಲು ಮೀಟರು ಬೇಕಾಗಲಿಲ್ಲ. ಕರೆಂಟಿಗೆ ಕಡಿವಾಣ ಹಾಕಬೇಕಾದ ಡಬ್ಬಿಯೇ ಕೈಕೊಟ್ಟರೆ ಬ್ಯಾಟರಿ ತಾನೇ ಏನು ಮಾಡೀತು?

ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಅದು. ಅಪ್ಪನ ಜೀವ. ಅದರ ಒಂದೊಂದು ವೈರನ್ನೂ ಅಪ್ಪ ಪರಿಚಯಿಸಿದ್ದು ಮಗಳಿಗೆ. ಸಾಯುವಾಗ ಕೀ ಕೊಟ್ಟಿದ್ದು ಮಗನಿಗೆ. ಹೆಣ್ಣುಮಗಳು ಕಾರಿನಡಿ ಮಲಗಿ ಗ್ರೀಸು ಮೆತ್ತಿಕೊಳ್ಳಬಹುದು, ಸ್ಟಿಯರಿಂಗ್ ಮುಂದೆ ಮಾತ್ರ ಕೂರಬಾರದು ಎಂಬ ಅಪ್ಪನ ನ್ಯಾಯ ಅವಳಿಗೆ ಇವತ್ತಿಗೂ ಗಂಟಲ ಮುಳ್ಳು. ಸರಿಮಾಡಿಕೊಟ್ಟರೆ ಒಂದು ಸುತ್ತು ನೀನೇ ಓಡಿಸು ಎಂದು ತಮ್ಮ ಫೋನಿನಲ್ಲಿ ಆಸೆ ಹುಟ್ಟಿಸಿದ್ದ. ತಲೆ ನೆರೆತ ಮೇಲೆ ಇದೆಂಥ ಹುಚ್ಚು ಎಂದು ತನ್ನನ್ನೇ ಗೇಲಿ ಮಾಡಿಕೊಂಡಿದ್ದಳು. ಆದರೂ ಸೀಟಿಗೆ ಕೊಳೆ ತಾಗದಿರಲೆಂದು ಒಗೆದ ಬಟ್ಟೆ ತಂದು ಮೊಳೆಗೆ ನೇತುಹಾಕಿದ್ದಳು.

ಹಳೆಯ ಡಬ್ಬಿ ಬಿಚ್ಚಿದಳು. ಒಳಗೆ ಕರೆಂಟು ಕಡಿಯಬೇಕಾದ ಪಾಯಿಂಟುಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ಹೊಸದನ್ನು ಕೂರಿಸಿ, ವೈರುಗಳನ್ನು ಅದರದರ ಜಾಗಕ್ಕೆ ಸೇರಿಸಿ, ಎಂಜಿನ್ ಓಡಿಸಿ, ಮೀಟರಿನ ಮುಳ್ಳು ಹದಕ್ಕೆ ಬರುವವರೆಗೂ ಸ್ಕ್ರೂ ತಿರುಗಿಸಿದಳು. ಅಷ್ಟು ಹೊತ್ತೂ ತಮ್ಮ ಮೊಬೈಲಿನಲ್ಲಿ ಮುಳುಗಿದ್ದ.

ಅವಳು ಕೈ ತೊಳೆದು ಬಟ್ಟೆ ಬದಲಿಸಿ ಬಂದಾಗ ಅವನು ಡ್ರೈವರ್ ಸೀಟಿನಲ್ಲಿ ಕೂತು, ಹೆಡ್‌ಲೈಟ್ ಹಾಕಿ, ಎದುರಿನ ಗೋಡೆ ನೋಡುತ್ತ ಮುಖ ಗಂಟಿಕ್ಕಿಕೊಂಡಿದ್ದ.

"ಏನಕ್ಕಾ, ಲೈಟು ಮಂಕಾಗಿದೆ? ಮುಂಚೆ ಹೇಗೆ ಉರೀತಿತ್ತು ಗೊತ್ತಾ, ರಸ್ತೆಯೆಲ್ಲಾ ಹಗಲು."

"ಅದೇ ಕಣೋ ರೋಗ. ಕರೆಂಟು ಮಿತಿಮೀರಿ ಹರಿದು ಹಾಗೆ ಉರೀತಿತ್ತು. ಬಿಟ್ಟಿದ್ರೆ ಬಲ್ಬು, ಬ್ಯಾಟರಿ ಎರಡೂ ಹಾಳಾಗ್ತಿತ್ತು."

"ಸುಮ್ನಿರಕ್ಕ. ಕೆಡಿಸಿಟ್ಟು ಕಥೆ ಹೇಳ್ಬೇಡ. ಇದಕ್ಕೇ ಅಪ್ಪ ನಿನ್ನ ಕೈಗೆ ಕೀ ಕೊಡ್ಲಿಲ್ಲ." ಅವನು ಸೀಟು ಬಿಟ್ಟು ಅಲುಗಾಡಲಿಲ್ಲ.

ಅವಳ ಮೈಯೆಲ್ಲ ಉರಿಯಿತು. ಎಂಜಿನ್ ಆರಿಸಲು ಹೇಳಿ, ಒಗೆದ ಬಟ್ಟೆಯಲ್ಲೇ ಬಗ್ಗಿ ಹೊಸ ಡಬ್ಬಿ ಬಿಚ್ಚಿದಳು. ಹಳೆಯದನ್ನೇ ಮತ್ತೆ ಬಿಗಿದಳು. ಅವನು ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದ. ಗೋಡೆ ಸುಣ್ಣ ಬಳಿದಷ್ಟು ಬೆಳ್ಳಗಾಯಿತು.

"ನೋಡಿದ್ಯಾ? ಈಗ ಹೇಳು."

"ಹೌದಪ್ಪ, ನಿಂಗೆ ಇದೇ ಸರಿ."

ಬ್ಯಾಟರಿ ಮತ್ತೆ ಕುದಿಯತೊಡಗಿದ ಸದ್ದು ಕೇಳಿಸಿತು. ಅಕ್ಕ ಬಾನೆಟ್ ಮುಚ್ಚಿದಳು.