ಬೈಗುಳ ತೆಗೆದ ಪ್ರತಿ

ನಮ್ಮಲ್ಲಿ ಯಾರಾದರೂ ಸತ್ತರೆ, ಗುಪ್ತಚರ ಇಲಾಖೆ ಅವರ ಮನೆಯಲ್ಲಿ ಕದ್ದು ಧ್ವನಿಮುದ್ರಿಸಿಟ್ಟ ಮಾತುಗಳಲ್ಲಿ ಐದು ನಿಮಿಷವನ್ನು ಮನೆಯವರಿಗೆ ಕೊಡುತ್ತದೆ. ಇಲಾಖೆಯ ಕೌಂಟರಿನಲ್ಲಿ ನಾನು ಗಂಡ ಸೋಮನಾಥರ ಕೊನೆಯ ಬೆಳಗಿನ ಮಾತುಗಳನ್ನು ಕೊಡಿ ಎಂದು ಕೇಳಿದೆ. ಅಂದು ಜಗಳವಾಡಿ, ಅವರು ಹೊರಟ ಕೂಡಲೇ ಬಾಗಿಲನ್ನು ಧಡಾರನೆ ಮುಚ್ಚಿದ್ದೆ. ಹೊರಗಿನಿಂದ ಅವರು ಏನೋ ಹೇಳಿದ್ದು ಸರಿಯಾಗಿ ಕೇಳಿಸಿರಲಿಲ್ಲ.

ಹೆಡ್‌ಫೋನಿನಲ್ಲಿ ಅವರ ದನಿ ಬಂತು: "ಸಂಜಿಗೆ ಲಗೂನ ಬರ್ತೇನಿ, ಸುಗಂಧಾ."

ಜಗಳ ಮಾತ್ರ ಇರಲಿಲ್ಲ.

"ನಾ ಬೈದದ್ದು ಎಲ್ಲೈತ್ರಿ?"

"ಅಂಥಾದ್ದೆಲ್ಲಾ ತಗದ ಕೊಡ್ತೀವ್ರಿ ಅಕ್ಕಾರ," ಎಂದಳು ಕೌಂಟರಿನ ಹೆಣ್ಣುಮಗಳು. "ಅಳಕೋತ ಬಂದವ್ರು ಸಮಾಧಾನ ಆಗಿ ಹೋಗ್ತಾರ."

"ಹಂಗಾರ ಅವರು ಅಂದದ್ದು ಖರೇನ ಇಷ್ಟೇ ಏನ್ರಿ?"

"ಇಲಾಖೆ ಮ್ಯಾಲೆ ನಂಬಿಕಿ ಇಲ್ಲೇನ್ರಿ?"

ನಾನು ಹೆಡ್‌ಫೋನ್ ತೆಗೆದು ಅವಳ ಮುಂದಿಟ್ಟೆ.

"ನಾ ಬೈದದ್ದೂ ಹಾಕಿ ಕೊಡ್ರಿ. ಆಮ್ಯಾಲೆ ಅವರ ಮಾತು ನಂಬತೀನಿ."