ನೋಡುವವರಿಗೂ ಬೀಗ

ಬಳ್ಳಾರಿಯ ನೆನಪಿನ ಕೇಂದ್ರಕ್ಕೆ ಜನ ಸಂಜೆ ಬಂದು, ತೀರಿಕೊಂಡ ತಮ್ಮವರ ನೆನಪುಗಳನ್ನು ನೋಡಿಕೊಂಡು ಹೋಗುತ್ತಾರೆ. ಒಬ್ಬರ ನೆನಪನ್ನು ಒಮ್ಮೆಗೆ ಒಬ್ಬರೇ ನೋಡಬಹುದು. ಅಲ್ಲಿನ ಯಂತ್ರ ನಡೆಸಲು ಊರ್ಮಿಳಾ ಬರೆದ ಡ್ರೈವರ್ ತಂತ್ರಾಂಶ ಆಗ ಉಳಿದವರಿಗೆ ಬೀಗ ಹಾಕುತ್ತದೆ.

ಅದನ್ನು ತಿದ್ದಿ ತಂದಿದ್ದ ಸಹೋದ್ಯೋಗಿ ತಬಸ್ಸುಮ್ ಹೇಳಿದಳು, "ನೆನಪುಗಳ ಉದ್ದನೆಯ ಪಟ್ಟೀನ ಕವಲು ಕವಲಾಗಿರೋ ಮರದ ರಚನೆಗೆ ಬದಲಾಯಿಸಿದೀನಿ ಮೇಡಂ. ಹುಡುಕೋದು ಬೇಗ ಆಗುತ್ತೆ. ನೋಡೋರಿಗೆ ಬೀಗಾನೂ ಬೇಕಾಗಲ್ಲ, ಇಬ್ಬರು ಒಟ್ಟಿಗೆ ನೋಡಬಹುದು."

"ಒಬ್ಬರು ನೋಡ್ತಿರುವಾಗ ಯಾರಾದ್ರೂ ಅಳಿಸಿದ್ರೆ?" ಊರ್ಮಿಳಾ ಕೇಳಿದಳು.

"ನೋಡೋರು ಮುಗಿಸೋತನಕ ಅಳಿಸೋರು ಕಾಯ್ತಾರೆ. ಬರೀ ನೋಡೋದ್ರಿಂದ ಏನು ಸವೆಯುತ್ತೆ ಮೇಡಂ?"

ಉತ್ತರ ಸರಿಯಾಗಿಯೇ ಇತ್ತು. ಊರ್ಮಿಳಾಳ ಕಣ್ಣ ಮುಂದೆ ಕುಮುದಾ ಬಂದಳು. ಊರ್ಮಿಳಾಳ ಗಂಡ ಬದುಕಿದ್ದಾಗ ಅವನ ಭಾನುವಾರಗಳನ್ನೆಲ್ಲ ಕಸಿದುಕೊಂಡವಳು, ಈಗಲೂ ದಿನಾ ಅವನನ್ನು ನೋಡಲು ಬರುತ್ತಾಳೆ.

"ಮರ ಇರಲಿ. ಬೀಗ ತೆಗೀಬೇಡ. ಸುರಕ್ಷತೆ ಮುಖ್ಯ," ಎಂದಳು ಊರ್ಮಿಳಾ.

ಸಂಜೆ ಬೇಗ ಹೋಗಿ ಗಂಡನ ನೆನಪಿನ ಬೀಗ ಹಿಡಿದು, ಬೇರೆ ಯಾರೂ ನೋಡಲಾಗದಂತೆ ಕೂತಳು. ಗಾಜಿನಾಚೆ ಕುಮುದಾ ಮಲ್ಲಿಗೆ ಮುಡಿದು ಬೆಂಚಿನ ಮೇಲೆ ಕಾಯುತ್ತಿದ್ದಳು. ಕೇಂದ್ರ ಮುಚ್ಚುವವರೆಗೂ ಊರ್ಮಿಳಾ ಮೇಲೇಳಲಿಲ್ಲ. ಅವನ ಒಂದು ನೆನಪನ್ನೂ ತೆರೆದು ನೋಡಲಿಲ್ಲ.